ತಿರುಗಿಸಿ ನೋಡಿ: ಇವತ್ತಿನ ಕೈಕಸೂತಿ, ಬಟ್ಟೆಯ ಹಿಂಬದಿಯಿಂದ

(ಬೆಂಗಳೂರಿನಲ್ಲಿ ಕಸೂತಿ ಕಲಿಯುವವರು ಮತ್ತು ಕಲಾ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ಅಂಗೈ ಅಗಲದ ಎರಡು ಬಟ್ಟೆ ತುಂಡುಗಳಿವೆ. ಎರಡರಲ್ಲೂ ಅದೇ ಗೋಪುರ, ಅದೇ ಕೆಂಪು ದಾರ, ಅದೇ ಅಳತೆ. ಮುಂದಿನ ಸಾಲಿನಲ್ಲಿ ಕುಳಿತವರಿಗೂ ವ್ಯತ್ಯಾಸ ಕಾಣುವುದಿಲ್ಲ. ಈಗ ತಿರುಗಿಸುತ್ತೇನೆ, ನೋಡಿ. ಮೊದಲನೆಯದರ ಹಿಂಬದಿಯಲ್ಲೂ ಅದೇ ಗೋಪುರವಿದೆ, ಒಂದು ಎಳೆಯೂ ಹೆಚ್ಚುಕಮ್ಮಿ ಇಲ್ಲ. ಎರಡನೆಯದರ ಹಿಂದೆ ಐದಾರು ಗಂಟು, ಕಲಶದಿಂದ ಬಾಗಿಲಿಗೆ ಹಾರಿದ ಉದ್ದದ ದಾರ, ಅಲ್ಲಲ್ಲಿ ಕತ್ತರಿಸಿಬಿಟ್ಟ ತುದಿಗಳು.

ಇವತ್ತಿನ ಮಾತೆಲ್ಲ ಈ ಹಿಂಬದಿಯ ಸುತ್ತಲೇ. ಕಸೂತಿಯ ಫೋಟೋಗಳು ಇವತ್ತು ಮೊಬೈಲಿನಲ್ಲಿ ದಿನಕ್ಕೆ ನೂರು ಕಾಣುತ್ತವೆ, ಎಲ್ಲವೂ ಮುಂಭಾಗದವೇ. ಆದರೆ ಸೂಜಿ ಒಮ್ಮೆ ಮೇಲೆ ಬಂದರೆ ಒಮ್ಮೆ ಕೆಳಗೆ ಇಳಿಯಲೇಬೇಕು. ಕೆಲಸದ ಅರ್ಧ ಭಾಗ ನಡೆಯುವುದು ಕಾಣದ ಕಡೆ. ಈ ಕಾಣದ ಅರ್ಧವನ್ನು ಮುಚ್ಚಿಡಬೇಕೆ, ಮುಂಭಾಗದಷ್ಟೇ ಚೊಕ್ಕವಾಗಿಸಬೇಕೆ, ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆ, ಇಲ್ಲಾ ಬಟ್ಟೆಯನ್ನೇ ಇಲ್ಲವಾಗಿಸಬೇಕೆ? ಇವತ್ತು ಸೂಜಿ ಹಿಡಿದು ಗಟ್ಟಿ ಕೆಲಸ ಮಾಡುತ್ತಿರುವವರೆಲ್ಲ ಈ ಪ್ರಶ್ನೆಗೆ ತಮ್ಮದೇ ಉತ್ತರ ಕೊಟ್ಟುಕೊಂಡವರು. ವಿಷಯ, ಬಣ್ಣ, ಚಿತ್ರ ಇವೆಲ್ಲ ಆಮೇಲಿನ ಮಾತು ಎಂಬುದು ನಮ್ಮ ಅಭಿಪ್ರಾಯ.

ಮೊದಲು ನಮ್ಮ ಮನೆಯಿಂದಲೇ ಶುರು ಮಾಡೋಣ. ಧಾರವಾಡ, ಹುಬ್ಬಳ್ಳಿ ಕಡೆಯ ಕಸೂತಿಯಲ್ಲಿ ನಾಲ್ಕು ಹೊಲಿಗೆಗಳು: ಗವಂತಿ, ಮುರ್ಗಿ, ನೇಗಿ, ಮೆಂತಿ. ಇಳಕಲ್ ಸೀರೆಯ ಮೇಲೆ, ಕರಿಯ ಚಂದ್ರಕಾಳಿ ಸೀರೆಯ ಮೇಲೆ ಗೋಪುರ, ತೇರು, ಅಂಬಾರಿ ಆನೆ, ತುಳಸಿ ಕಟ್ಟೆ, ತೊಟ್ಟಿಲು ಇವನ್ನೆಲ್ಲ ಬಟ್ಟೆಯ ಮೇಲೆ ಗೆರೆ ಬರೆಯದೆ, ಬರೀ ಎಳೆ ಎಣಿಸಿ ತೆಗೆಯುತ್ತಾರೆ. ಎರಡೂ ಬದಿ ಒಂದೇ ಥರ ಕಾಣುತ್ತದೆ ಎಂಬ ಮಾತು ಪೂರ್ತಿ ಕಸೂತಿಗೆ ಹೊಂದುವುದಿಲ್ಲ, ಇದನ್ನು ಕಲಿಯುವವರು ಮೊದಲೇ ತಿಳಿದಿರಬೇಕು. ಗವಂತಿ ಮತ್ತು ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಮುರ್ಗಿ, ಇವೆರಡೇ ಎರಡೂ ಬದಿ ಒಂದೇ. ನೇಗಿ ಹೆಸರೇ ಹೇಳುವಂತೆ ನೇಯ್ಗೆಯ ಹಾಗೆ. ಮುಂದೆ ದಾರ ಕಂಡ ಕಡೆ ಹಿಂದೆ ಬಟ್ಟೆ, ಮುಂದೆ ಬಟ್ಟೆ ಕಂಡ ಕಡೆ ಹಿಂದೆ ದಾರ. ಮೆಂತಿಕಾಳಿನಂಥ ಮೆಂತಿ ಹೊಲಿಗೆ ಅಡ್ಡಡ್ಡ ದಾಟುವುದರಿಂದ ಹಿಂಬದಿ ಬೇರೆಯೇ ಆಗುತ್ತದೆ, ದಾರವೂ ಹೆಚ್ಚು ತಿನ್ನುತ್ತದೆ.

ಗವಂತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಬರುವಾಗ ಬಿಟ್ಟ ಜಾಗ ತುಂಬುವುದು. ಇಷ್ಟನ್ನು ಎಲ್ಲರೂ ಹೇಳಿಕೊಡುತ್ತಾರೆ. ಕೈ ತಪ್ಪುವುದು ಕವಲಿನಲ್ಲಿ. ಗೋಪುರದ ಗೋಡೆಯಿಂದ ಪಕ್ಕಕ್ಕೆ ಮೂರು ಹೊಲಿಗೆಯ ಚಾಚು ಇದೆ ಎನ್ನಿ. ಅದನ್ನು ಹೋಗುವಾಗಲೂ ಮಾಡಬಹುದು, ಬರುವಾಗಲೂ ಮಾಡಬಹುದು. ಆದರೆ ಒಮ್ಮೆ ಒಳಹೊಕ್ಕರೆ ತುದಿ ಮುಟ್ಟಿ, ಅದೇ ದಾರಿಯಲ್ಲಿ ಹಿಂದೆ ಬಂದು, ಕವಲನ್ನು ಮುಗಿಸಿಯೇ ಹೊರಬರಬೇಕು. ಹೋಗುವಾಗಲೇ ಮಾಡಿ ಎಂಬುದು ನಮ್ಮ ಸಲಹೆ: ಮರೆತರೆ ಬರುವಾಗ ಇನ್ನೊಂದು ಅವಕಾಶ ಇರುತ್ತದೆ. ಬರುವಾಗ ಮಾಡೋಣ ಎಂದು ಬಿಟ್ಟು ಮರೆತರೆ ಹೊಸ ದಾರವನ್ನೇ ಪೋಣಿಸಬೇಕು.

ಇದಕ್ಕೊಂದು ಲೆಕ್ಕವಿದೆ. ಚುಕ್ಕಿ ರಂಗೋಲಿ ಹಾಕುವವರಿಗೆ ತಟ್ಟನೆ ಹೊಳೆಯುತ್ತದೆ. ನಕ್ಷೆಯ ಕಾಗದದಲ್ಲಿ ಗೆರೆಗಳು ಕೂಡುವ ಕಡೆಯೆಲ್ಲ ಚುಕ್ಕಿ ಇಡಿ. ಚದುರಂಗದ ಮಣೆಯ ಹಾಗೆ ಒಂದು ಕರಿ, ಪಕ್ಕದ್ದು ಬಿಳಿ, ಕರಿಯ ಮೇಲಿನದೂ ಬಿಳಿ. ನಿಯಮ ಒಂದೇ: ಸೂಜಿ ಮೇಲೆ ಬರುವುದು ಯಾವಾಗಲೂ ಕರಿ ಚುಕ್ಕಿಯಲ್ಲಿ, ಕೆಳಗೆ ಇಳಿಯುವುದು ಯಾವಾಗಲೂ ಬಿಳಿ ಚುಕ್ಕಿಯಲ್ಲಿ. ಇದನ್ನು ಪಾಲಿಸಿ ಪ್ರತಿ ಗೆರೆಯ ಮೇಲೂ ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ಹಾದುಬಿಟ್ಟರೆ, ಒಂದು ಸಲ ದಾರ ಮೇಲೆ, ಒಂದು ಸಲ ಕೆಳಗೆ ತಾನಾಗಿಯೇ ಬೀಳುತ್ತದೆ. ಯಾವ ಕವಲಿಗೆ ಯಾವಾಗ ತಿರುಗಿದಿರಿ ಎಂಬುದರ ಚಿಂತೆಯೇ ಬೇಡ. ಕೆಲಸದ ಮಧ್ಯೆ ಸೂಜಿ ಬಿಳಿಯಲ್ಲಿ ಮೇಲೆ ಬಂತೆಂದರೆ ಎಲ್ಲೋ ಒಂದು ಹೊಲಿಗೆ ತಪ್ಪಿದೆ ಎಂದೇ ಅರ್ಥ. ಅಲ್ಲೇ ನಿಂತು ಬಿಚ್ಚಿದರೆ ಎರಡು ನಿಮಿಷದ ಕೆಲಸ, ಮುಂದುವರಿದರೆ ಅರ್ಧ ಗೋಪುರ ಹೋಗುತ್ತದೆ.

ಓರೆ ಹೊಲಿಗೆ ಇರುವ ಕಡೆ ಈ ಚುಕ್ಕಿ ಲೆಕ್ಕ ನಡೆಯದು, ಯಾಕೆಂದರೆ ಓರೆ ಗೆರೆ ಕರಿಯಿಂದ ಕರಿಗೇ ಹೋಗುತ್ತದೆ. ಅಲ್ಲಿ ಹೋದ ದಾರಿಯಲ್ಲೇ, ಒಂದು ಹೊಲಿಗೆಯನ್ನೂ ಬಿಡದೆ ಹಿಂದಿರುಗಬೇಕು. ಹತ್ತಿರದ ದಾರಿ ಹಿಡಿಯಬಾರದು. ಹೊಸಬರು ಮಾಡುವ ಇನ್ನೊಂದು ತಪ್ಪು ಸಣ್ಣ ಚೌಕದಲ್ಲಿ. ನಾಲ್ಕು ಹೊಲಿಗೆಯ ಚೌಕವನ್ನು ಒಂದೇ ದಿಕ್ಕಿನಲ್ಲಿ ಎರಡು ಸುತ್ತು ಹಾಕಿದರೆ ಮುಗಿಯುತ್ತದೆ ಎಂದುಕೊಳ್ಳುತ್ತಾರೆ. ನಾಲ್ಕು ಸಮಸಂಖ್ಯೆ, ಎರಡನೇ ಸುತ್ತಿನಲ್ಲಿ ಮೇಲಿದ್ದ ಹೊಲಿಗೆಯ ಮೇಲೇ ಮತ್ತೆ ಮೇಲೆ, ಕೆಳಗಿದ್ದದ್ದರ ಕೆಳಗೇ ಮತ್ತೆ ಕೆಳಗೆ ಬೀಳುತ್ತದೆ. ಮುಂದೆ ನೋಡಿದರೆ ದಪ್ಪಗಿನ ಎರಡು ಗೋಡೆ, ಹಿಂದೆ ನೋಡಿದರೆ ಇನ್ನೆರಡು ಗೋಡೆ, ಚೌಕ ಎರಡು ಕಡೆಯೂ ಇಲ್ಲ. ಒಂದು ಸುತ್ತು ಹೋಗಿ, ಎದುರು ದಿಕ್ಕಿನಲ್ಲಿ ತಿರುಗಿ ಬನ್ನಿ.

ಬಟ್ಟೆಯ ಮಾತು. ಇಂಚಿಗೆ 28 ಎಳೆ ಇರುವ ಬಟ್ಟೆಯಲ್ಲಿ ಎರಡೆರಡು ಎಳೆ ದಾಟಿದರೆ ಇಂಚಿಗೆ 14 ಹೊಲಿಗೆ. ನಕ್ಷೆಯಲ್ಲಿ 70 ಮನೆ (ಚೌಕ) ಅಗಲದ ತೇರು 5 ಇಂಚು ಬರುತ್ತದೆ. ಈ ಲೆಕ್ಕ ಸರಿ ಬರುವುದು ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡ ಎಳೆ) ಎರಡೂ ಸಮ ಇದ್ದರೆ ಮಾತ್ರ. ಕೈಮಗ್ಗದ ಬಟ್ಟೆಯಲ್ಲಿ ಅದು ಅಪರೂಪ. ಹಾಸು ಇಂಚಿಗೆ 40, ಹೊಕ್ಕು 32 ಇದೆ ಎನ್ನಿ; 40 ಮನೆಯ ಚೌಕ ಅಡ್ಡಕ್ಕೆ 2 ಇಂಚು, ಉದ್ದಕ್ಕೆ ಎರಡೂವರೆ ಇಂಚು ಆಗುತ್ತದೆ. ಗುಂಡಗಿನ ಕಮಲ ಕೋಳಿಮೊಟ್ಟೆಯಾಗುತ್ತದೆ. ಆದ್ದರಿಂದ ಸೂಜಿ ಮುಟ್ಟುವ ಮೊದಲು ಎರಡೂ ದಿಕ್ಕಿನಲ್ಲಿ ಎರಡೆರಡು ಇಂಚು ಅಳೆದು ಎಳೆ ಎಣಿಸಿ. ವ್ಯತ್ಯಾಸವಿದ್ದರೆ ನಕ್ಷೆಯಲ್ಲೇ ಉದ್ದದ ಮನೆಗಳನ್ನು ಕಡಿಮೆ ಮಾಡಿಕೊಳ್ಳಿ. ಗೋಪುರ, ತೇರು ಸ್ವಲ್ಪ ಎತ್ತರವಾದರೆ ಚಂದವೇ. ಆನೆಗೆ ಮಾತ್ರ ಅದು ಒಪ್ಪುವುದಿಲ್ಲ.

ದಾರವನ್ನು 45 ಸೆಂಟಿಮೀಟರಿಗಿಂತ ಉದ್ದ ತೆಗೆದುಕೊಳ್ಳಬೇಡಿ. ಉದ್ದವಾದಷ್ಟೂ ಅದು ಬಟ್ಟೆಯ ತೂತಿನಲ್ಲಿ ಹೆಚ್ಚು ಸಲ ಉಜ್ಜುತ್ತದೆ, ನೂಲು ಎದ್ದು ಮಂಕಾಗುತ್ತದೆ. ಎರಡು ತುದಿಗೆ ಐದೈದು ಸೆಂಟಿಮೀಟರ್ ಬಿಟ್ಟರೆ ಉಳಿಯುವುದು 35. ಗವಂತಿಯಲ್ಲಿ ಪ್ರತಿ ಗೆರೆಯ ಮೇಲೂ ಎರಡು ಸಲ ಹೋಗುವುದರಿಂದ, ಅದರಲ್ಲಿ 15ರಿಂದ 17 ಸೆಂಟಿಮೀಟರ್ ಗೆರೆ ಬರುತ್ತದೆ. ಆ್ಯಂಕರ್ ಅಥವಾ ಡಿಎಂಸಿ ಕಂಪನಿಯ ದಾರದ ಲಡಿ ಒಂದಕ್ಕೆ 8 ಮೀಟರ್, ಆರು ಎಳೆ. ಎರಡೆಳೆ ಬಳಸಿದರೆ 24 ಮೀಟರ್ ಆಯಿತು, ಅಂದರೆ 45 ಸೆಂಟಿಮೀಟರಿನ 53 ತುಂಡು, ಅದರಲ್ಲಿ ಸುಮಾರು 8 ಮೀಟರ್ ಗೆರೆ. ನಕ್ಷೆಯ ಗೆರೆಗಳನ್ನು ಮೊದಲೇ ಎಣಿಸಿ ಎಷ್ಟು ಲಡಿ ಬೇಕೆಂದು ಒಟ್ಟಿಗೇ ತೆಗೆದುಕೊಳ್ಳಿ. ಮಾಮೂಲ್‌ಪೇಟೆಯಲ್ಲಾಗಲಿ ಬೇರೆ ಕಡೆಯಾಗಲಿ, ಮೂರು ತಿಂಗಳು ಬಿಟ್ಟು ಅದೇ ನಂಬರಿನ ದಾರ ತಂದರೂ ಬಣ್ಣದ ಹದ ಕೂದಲೆಳೆಯಷ್ಟು ಬೇರೆಯಾಗಬಹುದು, ಯಾಕೆಂದರೆ ಪ್ರತಿ ಸಲದ ಬಣ್ಣದ ತೊಟ್ಟಿ ಬೇರೆ. ಒಂಟಿ ಗೆರೆಯ ಕೆಲಸದಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತದೆ.

ಗಂಟು ಹಾಕುವಂತಿಲ್ಲ. ಶುರುವಿನಲ್ಲಿ ಐದು ಸೆಂಟಿಮೀಟರ್ ತುದಿ ಬಿಟ್ಟು ಹೊರಡಿ; ಹಿಂದಿರುಗಿ ಬಂದ ಮೇಲೆ ಆ ತುದಿಯನ್ನು ಸೂಜಿಗೆ ಪೋಣಿಸಿ, ಮುಗಿದ ಹೊಲಿಗೆಗಳ ಅಡಿಯಲ್ಲೇ ಐದಾರು ಮನೆ ತೂರಿಸಿ ಕತ್ತರಿಸಿ. ಎಣಿಸುವ ಬಟ್ಟೆಗೆ ಮೊಂಡು ತುದಿಯ 24 ಅಥವಾ 26ನೇ ನಂಬರಿನ ಸೂಜಿ ಸರಿ. ಚೂಪು ಸೂಜಿ ಬಟ್ಟೆಯ ಎಳೆಯನ್ನೇ ಸೀಳುತ್ತದೆ, ಆಗ ಬಿಚ್ಚಲೂ ಬಾರದು. ಎಳೆ ಎಣಿಸಲಾಗದ ರೇಷ್ಮೆಯ ಮೇಲಾದರೆ ಜಾಳಾದ ಬಟ್ಟೆಯನ್ನು ಮೇಲಿಟ್ಟು ಕಚ್ಚಾ ಹೊಲಿಗೆ ಹಾಕಿ, ಅದರ ತೂತುಗಳನ್ನು ಎಣಿಸಿ ಹೊಲಿದು, ಕೊನೆಗೆ ಜಾಳು ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಅಲ್ಲಿ ಚೂಪು ಸೂಜಿಯೇ ಬೇಕು, ಆದರೆ ಸೂಜಿಯನ್ನು ನೆಟ್ಟಗೆ ಹಿಡಿದು ತೂತಿನ ನಡುವೆಯೇ ಚುಚ್ಚಬೇಕು. ಜಾಳಿನ ಎಳೆಗೇ ಚುಚ್ಚಿಕೊಂಡಿದ್ದರೆ ಕೊನೆಯಲ್ಲಿ ಅದು ಬರುವುದಿಲ್ಲ, ಬಲವಾಗಿ ಎಳೆದರೆ ಕಸೂತಿಯೇ ಸುಕ್ಕಾಗುತ್ತದೆ.

ಮಾರುಕಟ್ಟೆಯಲ್ಲಿ ಯಂತ್ರದ ಕಸೂತಿಯನ್ನು ಕೈಕಸೂತಿ ಎಂದು ಮಾರುವುದುಂಟು. ತಿರುಗಿಸಿ ನೋಡಿದರೆ ಸಾಕು. ಯಂತ್ರಕ್ಕೆ ಮೇಲೊಂದು ದಾರ, ಕೆಳಗೆ ಬಾಬಿನ್‌ನಲ್ಲಿ ಇನ್ನೊಂದು ದಾರ ಬೇಕು. ಹಿಂಬದಿಯಲ್ಲಿ ಹೆಚ್ಚಾಗಿ ಬಿಳಿಯ ತೆಳು ದಾರ ಸಮನಾಗಿ ಓಡಿರುತ್ತದೆ. ಕೈಗವಂತಿಯಲ್ಲಿ ಎರಡೂ ಕಡೆ ಒಂದೇ ದಾರ.

ಹಿಂಬದಿಯ ಬಗ್ಗೆ ಯೋಚಿಸಿದವರು ನಾವಷ್ಟೇ ಅಲ್ಲ. ನೀಲಗಿರಿಯ ತೋಡರು ಬಿಳಿ ಹತ್ತಿ ಬಟ್ಟೆಯ ಹಿಂಬದಿಯಿಂದಲೇ ಎಳೆ ಎಣಿಸಿ ಕೆಂಪು, ಕಪ್ಪು ದಾರದಲ್ಲಿ ಹೊಲಿಯುತ್ತಾರೆ. ಪಂಜಾಬಿನ ಫುಲ್ಕಾರಿಯೂ ಹಿಂಬದಿಯಿಂದಲೇ ನಡೆಯುತ್ತದೆ. ಹುರಿ ಇಲ್ಲದ ರೇಷ್ಮೆ ಎಳೆ ಉದ್ದುದ್ದಕ್ಕೆ ಮುಂಭಾಗದಲ್ಲಿ ಬಿದ್ದು, ಹಿಂದೆ ಬರೀ ಚುಕ್ಕಿಯಷ್ಟು ಕಾಣುತ್ತದೆ, ದುಬಾರಿ ರೇಷ್ಮೆಯೂ ಉಳಿಯುತ್ತದೆ. ಹಿಮಾಚಲದ ಚಂಬಾ ರುಮಾಲು ನಮ್ಮ ಗವಂತಿಗೆ ಬಂಧು. ಪಹಾಡಿ ಚಿತ್ರಕಾರರು ಇದ್ದಿಲಿನಲ್ಲಿ ಗೆರೆ ಬರೆದುಕೊಟ್ಟ ಬಟ್ಟೆಯ ಮೇಲೆ, ಎರಡೂ ಬದಿ ಒಂದೇ ಕಾಣುವಂತೆ ನುಣುಪು ರೇಷ್ಮೆ ತುಂಬುವ ದೋರುಖಾ ಕೆಲಸ ಅದು. ಇವತ್ತು ಅದನ್ನು ಉಳಿಸಿ ಕಲಿಸುತ್ತ ಬಂದವರಲ್ಲಿ ಲಲಿತಾ ವಕೀಲ್ ಅವರ ಹೆಸರು ದೊಡ್ಡದು. 2022ರಲ್ಲಿ ಪದ್ಮಶ್ರೀ ಬಂತು. ಇದಕ್ಕೆ ಪೂರ್ತಿ ತದ್ವಿರುದ್ಧ ಲಖನೌದ ನಸೀಮ್ ಬಾನೊ ಅವರ ಕೆಲಸ. 2024ರಲ್ಲಿ ಪದ್ಮಶ್ರೀ ಪಡೆದ ಅವರು ಮಾಡುವ ಅನೋಖಿ ಎಂಬ ಬಗೆಯ ಚಿಕನ್‌ಕಾರಿ ಕಸೂತಿಯಲ್ಲಿ ಹೊಲಿಗೆ ಹಿಂಬದಿಗೆ ಕಾಣುವುದೇ ಇಲ್ಲ. ಸೂಜಿ ಬಟ್ಟೆಯ ಮೇಲ್ಮೈಯ ಎಳೆಗಳನ್ನಷ್ಟೇ ಎತ್ತಿ ಸಾಗುತ್ತದೆ. ತೆಳುವಾದ ಮಲ್‌ಮಲ್ ಬಟ್ಟೆಯಲ್ಲಿ ಅದು ಎಂಥ ಕೈಹಿಡಿತ ಎಂದು ಸೂಜಿ ಹಿಡಿದವರಿಗೇ ಗೊತ್ತು. ಚಿಕನ್‌ಕಾರಿಯಲ್ಲೇ ಬಖಿಯಾ ಎಂಬ ಹೊಲಿಗೆ ಇದರ ಎದುರಾಳಿ: ದಾರವೆಲ್ಲ ಹಿಂದೆಯೇ ಹೆಣೆದುಕೊಂಡು, ಅದರ ನೆರಳು ಮುಂಭಾಗದಲ್ಲಿ ಮಂಜಿನ ಹಾಗೆ ಕಾಣುತ್ತದೆ.

ಈಗ ಗ್ಯಾಲರಿಗಳಲ್ಲಿ ಕಾಣುವ ಕೆಲಸಕ್ಕೆ ಬರೋಣ. ಅಮೆರಿಕದ ಕೇಸಿ ಜವಾಗ್ಲಿಯಾ ಸಣ್ಣ ಸಣ್ಣ ಎಳೆಗಳಲ್ಲಿ ಮುಖಚಿತ್ರ ಹೊಲಿಯುವವರು. ಅವರ ಮುಖಗಳ ಮುಂಭಾಗ ಬಣ್ಣ ಬಳಿದ ಚಿತ್ರದಷ್ಟೇ ನಯ. ಆದರೆ ಹಿಂಬದಿಯ ಗಂಟು, ಜೋತ ದಾರ, ಒಂದು ಬಣ್ಣದಿಂದ ಇನ್ನೊಂದಕ್ಕೆ ಹಾರಿದ ಎಳೆಗಳ ನಡುವೆ ಅದೇ ಮುಖ ಕದಡಿದ ರೂಪದಲ್ಲಿ ಕಂಡಾಗ, ಅದನ್ನೂ ಜನರಿಗೆ ತೋರಿಸತೊಡಗಿದರು. ಆ ಹಿಂಬದಿಗಳನ್ನೇ ನೋಡಿ ಬಣ್ಣದಲ್ಲಿ ದೊಡ್ಡ ಚಿತ್ರಗಳನ್ನೂ ಬರೆದರು. 1963ರಲ್ಲಿ ಕೈರೋದಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ಕೆಲಸ ಮಾಡುವ ಘಾದಾ ಅಮೆರ್ ಇನ್ನೊಂದು ದಾರಿ ಹಿಡಿದರು. ಕ್ಯಾನ್ವಾಸಿನ ಮೇಲೆ ಹೆಣ್ಣಿನ ಚಿತ್ರಗಳನ್ನು ಹೊಲಿದು, ಹಿಂದೆ ಅಡಗಬೇಕಾದ ದಾರದ ತುದಿಗಳನ್ನು ಮುಂಭಾಗದಲ್ಲೇ ಜೋತು ಬೀಳಲು ಬಿಟ್ಟು, ಅಂಟಿನಿಂದ ಕೂರಿಸುತ್ತಾರೆ. ಹತ್ತಿರ ಹೋಗುವವರೆಗೆ ಕೆಳಗಿನ ಚಿತ್ರ ಗೊತ್ತೇ ಆಗುವುದಿಲ್ಲ. ಅಚ್ಚುಕಟ್ಟು ಹೆಣ್ಣುಮಕ್ಕಳ ಲಕ್ಷಣ ಎಂದು ಹೇಳಿಕೊಟ್ಟ ಕೆಲಸದಲ್ಲಿ ಅಚ್ಚುಕಟ್ಟನ್ನು ಬೇಕೆಂದೇ ಬಿಡುವುದು ಎಂಥ ಮಾತು ಎಂಬುದನ್ನು ವಿವರಿಸಿ ಹೇಳಬೇಕಿಲ್ಲ.

ದಿಲ್ಲಿಯ ಸುಮಾಕ್ಷಿ ಸಿಂಗ್ ಬಟ್ಟೆಯನ್ನೇ ತೆಗೆದುಹಾಕಿದವರು. ನೀರಿನಲ್ಲಿ ಕರಗುವ ಹಾಳೆಯ ಮೇಲೆ ಹೊಲಿದು ಆಮೇಲೆ ಹಾಳೆಯನ್ನು ಕರಗಿಸುತ್ತಾರೆ. ಉಳಿಯುವುದು ದಾರ ಮಾತ್ರ, ಗಾಳಿಯಲ್ಲಿ ನಿಂತ ಗೆರೆ. ತಮ್ಮ ಅಜ್ಜ ಅಜ್ಜಿಯ ಮನೆಯ ಬಾಗಿಲು, ಕಿಟಕಿ, ಮೆಟ್ಟಿಲುಗಳನ್ನು ಅದೇ ಅಳತೆಯಲ್ಲಿ ಹೀಗೆ ಬರೀ ದಾರದಲ್ಲಿ ನಿಲ್ಲಿಸಿದ್ದಾರೆ. ಅಲ್ಲಿ ಹಿಂಬದಿ ಮುಂಬದಿ ಎಂಬುದೇ ಇಲ್ಲ. ಈ ವಿಧಾನ ನಮ್ಮ ವಿದ್ಯಾರ್ಥಿಗಳಿಗೆ ಬಹಳ ಇಷ್ಟ, ಕೆಡುವುದೂ ಅಷ್ಟೇ ಹೆಚ್ಚು. ಬಟ್ಟೆ ಇದ್ದಾಗ ಎರಡು ಗೆರೆ ಪಕ್ಕಪಕ್ಕ ಇದ್ದರೆ ಸಾಕು, ಬಟ್ಟೆಯೇ ಅವನ್ನು ಹಿಡಿದಿರುತ್ತದೆ. ಹಾಳೆ ಕರಗಿದ ಮೇಲೆ ಹಿಡಿಯುವವರು ಯಾರೂ ಇಲ್ಲ. ಆದ್ದರಿಂದ ಪ್ರತಿ ಗೆರೆಯೂ ಇನ್ನೊಂದನ್ನು ದಾಟುವ ಕಡೆ ಅದರ ದಾರದೊಳಗೆ ಸಿಕ್ಕಿಕೊಂಡಿರಬೇಕು. ಮೊದಲು ಜಾಲರಿಯಂತೆ ಆಧಾರದ ಗೆರೆಗಳು, ಅದರ ಮೇಲೆ ಚಿತ್ರ. ಒಂದು ಕಡೆ ಬಿಟ್ಟುಹೋದರೆ ನೀರಿಗೆ ಹಾಕಿದ ಕೂಡಲೇ ಆ ಭಾಗ ಬಿಡಿ ದಾರವಾಗಿ ತೇಲುತ್ತದೆ. ತೊಳೆಯುವಾಗ ಕರಗಿದ ಹಾಳೆಯ ಅಂಟು ಸ್ವಲ್ಪ ಉಳಿದರೆ ಒಣಗಿದ ಮೇಲೆ ದಾರ ಗಂಜಿ ಹಾಕಿದಂತೆ ಬಿರುಸಾಗುತ್ತದೆ. ನಿಲ್ಲಬೇಕಾದ ಕೆಲಸಕ್ಕೆ ಅದು ಅನುಕೂಲ, ಜೋಲಬೇಕಾದ ಕೆಲಸಕ್ಕೆ ತೊಂದರೆ. ಇನ್ನೊಂದು ಎಚ್ಚರಿಕೆ ಬೆಂಗಳೂರಿನವರಿಗೆ: ಮಳೆಗಾಲದ ತೇವಕ್ಕೇ ಆ ಹಾಳೆ ಮೆತ್ತಗಾಗುತ್ತದೆ. ಕೆಲಸ ನಿಲ್ಲಿಸಿದಾಗಲೆಲ್ಲ ಗಾಳಿಯಾಡದ ಚೀಲದಲ್ಲಿ ಇಡಿ, ಅಂಗೈ ಬೆವರುವವರು ಹತ್ತಿರ ಒಣ ಬಟ್ಟೆ ಇಟ್ಟುಕೊಳ್ಳಿ.

ಇನ್ನು ಪದರದ ಕೆಲಸ. ಕೌದಿ, ಅಂದರೆ ಹಳೆ ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿದ ಹೊದಿಕೆ, ಉತ್ತರ ಕರ್ನಾಟಕದವರಿಗೆ ವಿವರಿಸಬೇಕಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿಯ ರೀತಿಯೇ ಬೇರೆ. ಬೇರೆ ಕಡೆ ತುಂಡುಗಳನ್ನು ಮೊದಲು ಜೋಡಿಸಿಕೊಂಡು ಆಮೇಲೆ ಪದರ ಸೇರಿಸಿ ಹೊಲಿಯುವುದುಂಟು. ಇವರು ಹಳೆಯ ಸೀರೆಯ ಹಾಸಿನ ಮೇಲೆ ಒಂದು ಅಂಚಿನಿಂದ ಶುರು ಮಾಡಿ, ತುಂಡಿನ ಅಂಚು ಮಡಚಿ ಇಡುತ್ತ, ಅಲ್ಲೇ ಸಣ್ಣ ಹೊಲಿಗೆ ಹಾಕುತ್ತ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಜೋಡಿಸುವ ಹೊಲಿಗೆ, ಪದರ ಹಿಡಿಯುವ ಹೊಲಿಗೆ, ಅಲಂಕಾರದ ಹೊಲಿಗೆ ಮೂರೂ ಒಂದೇ. ನಾಲ್ಕು ಮೂಲೆಗೂ ಫೂಲಾ ಎಂಬ ಮಡಿಸಿದ ತ್ರಿಕೋನ ಇಡುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಬೆಂಗಳೂರಿನ ಕಲಾವಿದೆ ಅನಿತಾ ಎನ್. ರೆಡ್ಡಿ ಈ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುತ್ತ, ಅವರ ಕೌದಿಗಳನ್ನು ಗ್ಯಾಲರಿಗಳವರೆಗೆ ತಂದಿದ್ದಾರೆ. ಹೀಗೆ ಹೊರಗಿನಿಂದ ಒಳಕ್ಕೆ ಹೊಲಿಯುವಾಗ ಬಟ್ಟೆಯ ಸಡಿಲವೆಲ್ಲ ಮುಂದೆ ಮುಂದೆ ತಳ್ಳಿಕೊಂಡು ಹೋಗಿ ನಡುವೆ ಸೇರುತ್ತದೆ. ಪ್ರತಿ ಸುತ್ತಿಗೂ ಅಂಗೈಯಿಂದ ಸವರಿ ಸಮ ಮಾಡಿಕೊಳ್ಳದಿದ್ದರೆ, ದಾರವನ್ನು ಬಿಗಿಯಾಗಿ ಎಳೆದರೆ, ಕೊನೆಗೆ ಕೌದಿಗೆ ಹೊಟ್ಟೆ ಬರುತ್ತದೆ. ಆ ಹೊಟ್ಟೆಯನ್ನು ಇಸ್ತ್ರಿಯಿಂದ ತೆಗೆಯಲಾಗದು.

ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಮಾಡಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯನ್ನೂ ಸೇರಿತು. ದಾಖಲೆಗಿಂತ ನಮಗೆ ಮುಖ್ಯವಾದದ್ದು ಆ ಕಸೂತಿಯಲ್ಲಿ ಕೂರಿಸುವ ಪುಟ್ಟ ಕನ್ನಡಿ ಬಟ್ಟೆಯ ಮೇಲೆ ಹೇಗೆ ನಿಂತಿದೆ ಎಂಬುದು. ಕನ್ನಡಿಗೆ ತೂತಿಲ್ಲ, ಅಂಟೂ ಇಲ್ಲ. ಮೊದಲು ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ದಾರ ಬಿಗಿದು ಚೌಕಟ್ಟು ಮಾಡಿ, ಬೇಕಾದರೆ ಅದರ ಮೇಲೆ ಓರೆಯಾಗಿ ಇನ್ನೊಂದು ಚೌಕಟ್ಟು ಹಾಕುತ್ತಾರೆ. ಆಮೇಲೆ ಈ ದಾರಗಳನ್ನೇ ಹಿಡಿದು ಸುತ್ತಲೂ ಹೊಲಿಗೆ ಹಾಕುತ್ತ ಬಂದಂತೆ ಚೌಕಟ್ಟು ಅಂಚಿನತ್ತ ಸರಿದು ದುಂಡಗಾಗುತ್ತದೆ. ಅಂದರೆ ಮೊದಲ ದಾರಗಳನ್ನು ಕನ್ನಡಿಯ ಅಂಚಿನಿಂದ ಒಳಕ್ಕೆ, ಅಡ್ಡಳತೆಯ ಮೂರನೇ ಒಂದು ಭಾಗದಷ್ಟು ದೂರದಲ್ಲಿ ಹಾಕಬೇಕು. ಅಂಚಿಗೆ ತಾಗಿಸಿ ಹಾಕಿದರೆ, ಸುತ್ತು ಹೊಲಿಗೆ ಅದನ್ನು ಹೊರಗೆ ಎಳೆದ ಕೂಡಲೇ ಕನ್ನಡಿ ಜಾರಿ ಬೀಳುತ್ತದೆ. ಕನ್ನಡಿಯ ಅಂಚನ್ನು ಕಲ್ಲಿನ ಮೇಲೆ ನಾಲ್ಕು ಸಲ ಉಜ್ಜಿ ಮೊಂಡು ಮಾಡಿಕೊಳ್ಳಿ; ಇಲ್ಲದಿದ್ದರೆ ಹೊಲಿಯುವಾಗ ಏನೂ ಆಗದ ದಾರ ಆರು ತಿಂಗಳ ಬಳಕೆಯಲ್ಲಿ ಕತ್ತರಿಸಿಹೋಗುತ್ತದೆ.

ನಮ್ಮ ನಗರದಲ್ಲಿ ಗಲ್ಲಿಗಲ್ಲಿಯಲ್ಲೂ ನಡೆಯುತ್ತಿರುವ, ಚೌಕಟ್ಟಿಗೆ ಬಟ್ಟೆ ಬಿಗಿದು ಮಾಡುವ ಮಗ್ಗಂ ಕೆಲಸವನ್ನು ಕಲೆಯ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ, ಅದು ತಪ್ಪು. ರವಿಕೆಯ ತೋಳಿನ ಮೇಲೆ ಆರಿ ಎಂಬ ಕೊಕ್ಕೆ ಸೂಜಿ ಆಡುವಾಗ ಎಡಗೈ ಬಟ್ಟೆಯ ಕೆಳಗೇ ಇರುತ್ತದೆ, ಕಣ್ಣಿಗೆ ಕಾಣದೆ ದಾರ ಕೊಡುತ್ತಿರುತ್ತದೆ. ಹಿಂಬದಿಯನ್ನು ಬೆರಳಿನಿಂದಲೇ ನೋಡುವ ಕೆಲಸ ಅದು. ಸರಪಳಿ ಹೊಲಿಗೆಯಾದ್ದರಿಂದ ಕೊನೆಯ ಕೊಂಡಿಗೆ ಬೀಗ ಬೀಳದಿದ್ದರೆ ಒಂದು ತುದಿ ಎಳೆದರೆ ಸಾಕು, ಇಡೀ ಬಳ್ಳಿ ಬಿಚ್ಚಿಕೊಳ್ಳುತ್ತದೆ. ಸಾಲು ಮುಗಿದಲ್ಲಿ ಎರಡು ಮೂರು ಪುಟ್ಟ ಕೊಂಡಿ ಒಂದರ ಮೇಲೊಂದು ಹಾಕಿ, ದಾರವನ್ನು ಹಿಂದಕ್ಕೆ ಎಳೆದು ಗಂಟು ಹಾಕಬೇಕು. ಲೈನಿಂಗ್ ಹೊಲಿಯುವ ಮೊದಲು ರವಿಕೆಯ ಹಿಂಬದಿ ನೋಡಲು ಕೇಳಿ, ಕೆಲಸದ ಗುಣಮಟ್ಟ ಅಲ್ಲಿಯೇ ಗೊತ್ತಾಗುತ್ತದೆ.

ಸುಕ್ಕಿನ ಬಗ್ಗೆ ತುಂಬ ಜನ ಕೇಳುತ್ತಾರೆ. ಕಾರಣ ಮೂರೇ. ಬಟ್ಟೆಯನ್ನು ಮೊದಲು ತೊಳೆಯದಿರುವುದು, ಹೊಲಿದ ಮೇಲೆ ತೊಳೆದಾಗ ಬಟ್ಟೆ ಕುಗ್ಗುತ್ತದೆ, ದಾರ ಅಷ್ಟು ಕುಗ್ಗುವುದಿಲ್ಲ. ಬಟ್ಟೆ ಬಿಗಿಯುವ ರಿಂಗ್ ಸಡಿಲವಿರುವುದು, ಒಳ ರಿಂಗಿಗೆ ಹತ್ತಿ ಪಟ್ಟಿ ಸುತ್ತಿದರೆ ಬಟ್ಟೆ ಜಾರುವುದಿಲ್ಲ. ಮೂರನೆಯದು ಹಿಂಬದಿಯಲ್ಲಿ ದಾರವನ್ನು ದೂರಕ್ಕೆ ಹಾರಿಸುವುದು. ಎರಡು ಸೆಂಟಿಮೀಟರಿಗಿಂತ ದೂರವಿದ್ದರೆ ದಾರ ಮುಗಿಸಿ ಹೊಸದಾಗಿ ಶುರು ಮಾಡಿ. ತಿಳಿ ಬಟ್ಟೆಯಲ್ಲಿ ಹಾರಿದ ದಾರ ಮುಂಭಾಗಕ್ಕೂ ಕಾಣುತ್ತದೆ. ನೀರಿಗೆ ಹೋಗುವ ನೀಲಿ ಪೆನ್ನಿನಲ್ಲಿ ಗೆರೆ ಬರೆದಿದ್ದರೆ ಇಸ್ತ್ರಿ ಮುಟ್ಟುವ ಮೊದಲು ತಣ್ಣೀರಿನಲ್ಲಿ ಪೂರ್ತಿ ತೊಳೆಯಿರಿ. ಬಿಸಿ ತಾಗಿದರೆ ಗೆರೆ ಕಂದಾಗಿ ಕೂತುಬಿಡುತ್ತದೆ. ಬಿಸಿಗೆ ಮಾಯವಾಗುವ ಪೆನ್ನಾದರೆ ತೀರಾ ತಣ್ಣಗಿನ ಕಡೆ ಗೆರೆ ಮರಳಿ ಬರಬಹುದು, ಮಾರುವ ಕೆಲಸಕ್ಕೆ ಅದು ಬೇಡ. ಕೆಂಪು, ಕಪ್ಪು ದಾರವನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿಕೊಂಡೇ ಶುರು ಮಾಡಿ.

ಎರಡು ಬದಿಯ ಕೆಲಸವನ್ನು ಗೋಡೆಗೆ ಅಂಟಿಸಿದ ಫ್ರೇಮಿನಲ್ಲಿ ಹಾಕಿದರೆ ಅರ್ಧ ಕೆಲಸವನ್ನು ಹೂತಂತೆ. ಎರಡು ಗಾಜಿನ ನಡುವೆ, ಗಾಜು ಬಟ್ಟೆಗೆ ತಾಗದಂತೆ ಐದಾರು ಮಿಲಿಮೀಟರ್ ಪಟ್ಟಿ ಕೊಟ್ಟು ನಿಲ್ಲಿಸಿ, ಸುತ್ತ ನಡೆದಾಡಲು ಜಾಗ ಬಿಡಿ. ಗಾಜು ತಾಗಿದರೆ ಮಳೆಗಾಲದಲ್ಲಿ ಒಳಗೇ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಸಂಗ್ರಹಾಲಯಗಳು ಸಾಮಾನ್ಯವಾಗಿ ಬಟ್ಟೆಗೆ 50 ಲಕ್ಸ್ (ಬೆಳಕಿನ ಅಳತೆ) ಬೆಳಕಿಗಿಂತ ಹೆಚ್ಚು ಕೊಡುವುದಿಲ್ಲ. ಮನೆಯಲ್ಲಿ ಅಷ್ಟು ನೋಡಲಾಗದಿದ್ದರೂ ಕಿಟಕಿಯ ಎದುರು ಗೋಡೆಗಂತೂ ಬೇಡ. ಎತ್ತಿಡುವಾಗ ಮಡಚಬೇಡಿ. ಮಲ್‌ಮಲ್ ಸುತ್ತಿದ ಕೊಳವೆಗೆ ಕಸೂತಿ ಹೊರಮುಖವಾಗಿ ಸುತ್ತಿ. ಕನ್ನಡಿ ಕೆಲಸವನ್ನು ಸುತ್ತಲೂಬೇಡಿ, ಚಪ್ಪಟೆಯಾಗಿ ಇಡಿ.

ಕೊನೆಯದಾಗಿ ಹೆಸರಿನ ವಿಚಾರ. 2022ರ ಜನವರಿಯಲ್ಲಿ ಪ್ಯಾರಿಸ್‌ನ ರೋದಾಂ ಸಂಗ್ರಹಾಲಯದ ಅಂಗಳದಲ್ಲಿ ಡಿಯೋರ್ ಫ್ಯಾಷನ್ ಪ್ರದರ್ಶನಕ್ಕೆ ಮಾಧವಿ ಪಾರೇಖ್ ಮತ್ತು ಮನು ಪಾರೇಖ್ ಅವರ ಚಿತ್ರಗಳನ್ನು ಗೋಡೆಗಳಷ್ಟು ದೊಡ್ಡ ಕಸೂತಿಯಾಗಿ ತೂಗುಹಾಕಿದ್ದರು. ಹೊಲಿದದ್ದು ಮುಂಬೈಯ ಚಾಣಕ್ಯ ಕಾರ್ಯಾಗಾರದ ನೂರಾರು ಕೈಗಳು. ಚಿತ್ರಕಾರರ ಹೆಸರು, ಸಂಸ್ಥೆಯ ಹೆಸರು ಜಗತ್ತಿಗೆಲ್ಲ ತಲುಪಿತು. ಯಾವ ಎಲೆಯನ್ನು ಯಾರು ತುಂಬಿದರು ಎಂಬುದು ಹಾಗೆ ತಲುಪಲಿಲ್ಲ. ಇದು ಒಂದು ಸಂಸ್ಥೆಯ ಮಾತಲ್ಲ, ಸಂಗ್ರಹಾಲಯಗಳಲ್ಲಿರುವ ಹಳೆಯ ಕಸೂತಿಯಲ್ಲಿ ಹೆಚ್ಚಿನದಕ್ಕೆ ಹೊಲಿದವರ ಹೆಸರೇ ಇಲ್ಲ. ಬೆಂಗಳೂರಿನಲ್ಲಿ ನೆಲೆಸಿರುವ ರಾಖಿ ಪೇಸ್ವಾನಿಯವರಂಥ ಕಲಾವಿದರು ಹೊಲಿಗೆಯನ್ನೂ ಅದರ ಹಿಂದಿನ ದುಡಿಮೆಯನ್ನೂ ತಮ್ಮ ಕೆಲಸದ ವಿಷಯವಾಗಿಯೇ ಮಾಡಿಕೊಂಡಿದ್ದಾರೆ. ಉಳಿದ ನಾವು ಕನಿಷ್ಠ ಒಂದು ಪಟ್ಟಿ ಹೊಲಿಯಬಹುದು.

ಅದು ಹೀಗೆ. ತೊಳೆದು ಕುಗ್ಗಿಸಿದ ಬಿಳಿ ಹತ್ತಿ ಪಟ್ಟಿ, ಎರಡು ಸೆಂಟಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಉದ್ದ. ಅದರ ಮೇಲೆ ತೊಳೆದರೂ ಹೋಗದ ಬಟ್ಟೆ ಶಾಯಿಯಲ್ಲಿ, ಇಲ್ಲವೇ ಒಂದೆಳೆ ದಾರದಲ್ಲಿ: ನಕ್ಷೆ ಯಾರದು, ಹೊಲಿದವರು ಯಾರು ಯಾರು, ಊರು, ಮುಗಿದ ತಿಂಗಳು ಮತ್ತು ವರ್ಷ, ಹಿಡಿದ ಗಂಟೆಗಳು, ದಾರದ ಕಂಪನಿ ಮತ್ತು ಬಣ್ಣದ ನಂಬರು. ಮುಂದೆ ಯಾರಾದರೂ ರಿಪೇರಿ ಮಾಡಬೇಕಾದರೆ ಆ ನಂಬರು ಬಹಳ ಉಪಯೋಗಕ್ಕೆ ಬರುತ್ತದೆ. ಗಂಟೆಗಳನ್ನು ಕೆಲಸ ಮುಗಿದ ಮೇಲೆ ಅಂದಾಜು ಮಾಡಬೇಡಿ, ದಿನವೂ ರಿಂಗ್ ಕೆಳಗಿಡುವಾಗ ಬರೆದಿಡಿ. ಬೆಲೆ ಹೇಳುವಾಗ ನಿಮ್ಮ ಹತ್ತಿರ ಇರುವ ಲೆಕ್ಕ ಅದೊಂದೇ. ಪಟ್ಟಿಯನ್ನು ಹಿಂಬದಿಯ ಕೆಳಗಿನ ಬಲಮೂಲೆಗೆ, ಕಸೂತಿಯಿಂದ ಒಂದು ಇಂಚು ದೂರದಲ್ಲಿ, ಬಟ್ಟೆಯ ಒಂದೊಂದೇ ಎಳೆ ಎತ್ತಿ ಸಡಿಲವಾಗಿ ಹೊಲಿಯಿರಿ. ಎರಡೂ ಬದಿ ಕಾಣುವ ಗವಂತಿಯಾದರೆ ಹಿಂಬದಿ ಎಂಬುದೇ ಇಲ್ಲವಲ್ಲ, ಆಗ ಅಂಚಿನ ಮಡಿಕೆಯ ಒಳಗೆ ಇಟ್ಟು ಹೊಲಿಯಿರಿ, ತುದಿ ಅರ್ಧ ಸೆಂಟಿಮೀಟರ್ ಹೊರಗೆ ಕಾಣುವಂತೆ ಬಿಡಿ, ಹುಡುಕುವವರ ಕೈಗೆ ಸಿಗಲಿ.